ಹದಿನಾರು ದಾಟಿದ ಮೇಲೆ
(ಸೇಲಂ ಸೀಮೆಯ ನೇಕಾರರ ಊರು ಎಡಪ್ಪಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಹಿರಿಯರೇ, ತಾಯಂದಿರೇ, ಒಳಗೆ ಜಾಗವಿದ್ದರೂ ಬಾಗಿಲ ಬಳಿಯೇ ನಿಂತಿರುವ ಹುಡುಗರೇ,

ಈ ದತ್ತಿಯ ಪತ್ರದಲ್ಲಿ ಒಂದು ಷರತ್ತಿದೆ: ವಿಷಯ ಎಳೆಯರಿಗೆ ಸಂಬಂಧಪಟ್ಟಿರಬೇಕು. ಇಂಥ ಷರತ್ತಿನ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಎಳೆಯರಿಗೆ ಬುದ್ಧಿ ಹೇಳುವುದೇ ನಡೆಯುತ್ತದೆ, ಕೇಳಿಸಿಕೊಳ್ಳಲು ಅವರು ಮಾತ್ರ ಬಂದಿರುವುದಿಲ್ಲ. ನಾನು ಆ ಗೋಜಿಗೆ ಹೋಗುವುದಿಲ್ಲ. ಮೀಸೆ ಚಿಗುರಿದ ಹುಡುಗರನ್ನು ಹಿಡಿದಿಟ್ಟುಕೊಳ್ಳಲು ಒಂದು ದೊಡ್ಡ ಸಂಸ್ಥೆ ನೂರು ವರ್ಷಕ್ಕೂ ಮೇಲ್ಪಟ್ಟು ಪಟ್ಟ ಪಾಡನ್ನು ಹೇಳುತ್ತೇನೆ. ಆ ಪಾಡು ಇನ್ನೂ ಮುಗಿದಿಲ್ಲ.

ಸ್ಕೌಟ್ ಎಂದರೆ ನಿಮ್ಮ ಕಣ್ಣಿಗೆ ಕಟ್ಟುವುದು ಕುತ್ತಿಗೆಗೆ ಸ್ಕಾರ್ಫ್ ಕಟ್ಟಿಕೊಂಡು ಆಗಸ್ಟ್ ಹದಿನೈದರಂದು ಧ್ವಜದ ಮುಂದೆ ನಿಲ್ಲುವ ಹೈಸ್ಕೂಲು ಹುಡುಗ. ಅವನಿಗಿಂತ ಚಿಕ್ಕವರು ಕಬ್ಬುಗಳು, ಹುಡುಗಿಯರಾದರೆ ಬುಲ್‌ಬುಲ್‌ಗಳು. ಅವನಿಗಿಂತ ದೊಡ್ಡವರಿಗೂ ಒಂದು ವಿಭಾಗ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹುಡುಗರು ರೋವರ್‌ಗಳು, ಹುಡುಗಿಯರು ರೇಂಜರ್‌ಗಳು. ಹೈಸ್ಕೂಲು ಮುಗಿಯುವ ವಯಸ್ಸಿನಿಂದ ಇಪ್ಪತ್ತೈದರ ತನಕ. ಕಬ್‌ನ ಧ್ಯೇಯ ಕೈಲಾದಷ್ಟು ಮಾಡು ಎಂಬುದು, ಸ್ಕೌಟ್‌ನದು ಸಿದ್ಧನಾಗಿರು ಎಂಬುದು, ರೋವರ್‌ನದು ಒಂದೇ ಮಾತು: ಸೇವೆ.

ಇತಿಹಾಸಕ್ಕೆ ಹೋಗುವ ಮುಂಚೆ ಒಂದು ಗಂಟಿನ ವಿಚಾರ. ಸ್ಕೌಟ್ ಹುಡುಗನಿಗೆ ಮೊದಮೊದಲೇ ಕಲಿಸುವ ಗಂಟುಗಳಲ್ಲಿ ಶೀಟ್ ಬೆಂಡ್ ಒಂದು. ದಪ್ಪ ಹಗ್ಗಕ್ಕೆ ತೆಳು ಹಗ್ಗ ಜೋಡಿಸಲು ಅದು ಬೇಕು. ದಪ್ಪ ಹಗ್ಗದ ತುದಿಯನ್ನು ಮಡಿಸಿ ಹಿಡಿಯಬೇಕು. ತೆಳು ಹಗ್ಗವನ್ನು ಆ ಮಡಿಕೆಯೊಳಗೆ ಕೆಳಗಿನಿಂದ ತೂರಿಸಿ, ಎರಡೂ ಎಳೆಗಳ ಹಿಂದೆ ಸುತ್ತಿ ತಂದು, ತನ್ನದೇ ಎಳೆಯ ಅಡಿಗೆ ಸಿಕ್ಕಿಸಿ ಎಳೆಯಬೇಕು. ಶಿಬಿರದಲ್ಲಿ ಇದನ್ನು ಕಲಿಸಲು ಅರ್ಧ ಮಧ್ಯಾಹ್ನ ಹೋಗುತ್ತದೆ. ಮಗ್ಗದ ಮೇಲೆ ಹಾಸಿನ ನೂಲು ತುಂಡಾದಾಗ ನಿಮ್ಮ ಮನೆಗಳಲ್ಲಿ ಹಾಕುವ ಗಂಟು ಇದೆಯಲ್ಲ, ರಚನೆಯಲ್ಲಿ ಅದು ಇದೇ. ಹಗ್ಗದಲ್ಲಿ ಹಾಕಿದರೆ ಶೀಟ್ ಬೆಂಡ್, ನೂಲಿನಲ್ಲಿ ಹಾಕಿದರೆ ನೇಕಾರರ ಗಂಟು. ಎಡಪ್ಪಾಡಿಯ ಹುಡುಗ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ, ನೋಡದೆಯೇ, ಹಣಿಗೆಯ ಸಂದಿನಲ್ಲಿ ಸಿಕ್ಕಿಕೊಳ್ಳದಷ್ಟು ಸಣ್ಣದಾಗಿ ಹಾಕುತ್ತಾನೆ. ಅದಕ್ಕಾಗಿ ಅವನ ತೋಳಿಗೆ ಯಾರೂ ಬ್ಯಾಡ್ಜ್ ಹೊಲಿಯಲಿಲ್ಲ. ಅವನನ್ನು ಸ್ಕೌಟ್‌ಗೆ ಸೇರು ಎಂದು ಕರೆದವರೂ ಕಡಿಮೆ, ಹದಿನಾರಾದ ಮೇಲೆ ರೋವರ್‌ಗೆ ಬಾ ಎಂದವರಂತೂ ಇಲ್ಲವೇ ಇಲ್ಲ ಎನ್ನಬೇಕು.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ರೋವರ್ ವಿಭಾಗ ಹುಟ್ಟಿದ್ದು ಶಾಲೆ ಬಿಟ್ಟು ದುಡಿಯಲು ಹೋದ ಹುಡುಗನನ್ನು ಕಣ್ಣಲ್ಲಿಟ್ಟುಕೊಂಡು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಕಾಲೇಜಿನ ಹುಡುಗನ ಕೈಗೆ ಹೋಯಿತು, ಆಮೇಲೆ ಅವನ ಫೈಲಿಗೆ ಹೋಯಿತು. ಹೇಗೆ ಹೋಯಿತು ಎಂಬುದೇ ಕಥೆ.

ದಕ್ಷಿಣ ಆಫ್ರಿಕದ ಮಾಫೆಕಿಂಗ್ ಎಂಬ ಊರನ್ನು 1899-1900ರಲ್ಲಿ 217 ದಿನ ಬೋಯರರ ಮುತ್ತಿಗೆಯಿಂದ ಕಾಪಾಡಿಕೊಂಡ ಸೇನಾಧಿಕಾರಿ ರಾಬರ್ಟ್ ಬೇಡನ್-ಪೊವೆಲ್ ಇಂಗ್ಲೆಂಡಿನ ಹುಡುಗರಿಗೆ ಆಗಲೇ ದೇವರಂತಾಗಿದ್ದ. 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರನ್ನು ಕಟ್ಟಿಕೊಂಡು ಪ್ರಯೋಗಕ್ಕೊಂದು ಶಿಬಿರ ಮಾಡಿದ. ಅವರಲ್ಲಿ ಸಿರಿವಂತರ ಶಾಲೆಯವರೂ ಇದ್ದರು, ಕೂಲಿಯವರ ಮನೆಯ ಮಕ್ಕಳೂ ಇದ್ದರು. ಮುಂದಿನ ವರ್ಷ ಸ್ಕೌಟಿಂಗ್ ಬಗ್ಗೆ ಅವನ ಪುಸ್ತಕ ಬಂತು, ಬೆಂಕಿಯಂತೆ ಹಬ್ಬಿತು. ಆದರೆ ಹನ್ನೆರಡರ ಹುಡುಗ ಹನ್ನೆರಡರಲ್ಲೇ ನಿಲ್ಲುವುದಿಲ್ಲವಲ್ಲ. ಆಗಿನ ಇಂಗ್ಲೆಂಡಿನಲ್ಲಿ ಬಡವರ ಮಕ್ಕಳು ಹದಿಮೂರು ಹದಿನಾಲ್ಕಕ್ಕೆಲ್ಲ ಶಾಲೆ ಬಿಟ್ಟು ಗಿರಣಿಗೋ ಗಣಿಗೋ ಅಂಗಡಿಗೋ ಸೇರುತ್ತಿದ್ದರು. ಹದಿನಾಲ್ಕರ ತನಕ ಶಾಲೆ ಕಡ್ಡಾಯ ಎಂದು ಕಾನೂನಾದದ್ದೇ 1918ರಲ್ಲಿ. ಹಾಗೆ ದುಡಿಯಲು ಹೋದವನು ಸಂಜೆ ಚಡ್ಡಿ ಹಾಕಿಕೊಂಡು ಚಿಕ್ಕ ಹುಡುಗರ ಜೊತೆ ಗಂಟು ಹಾಕಲು ಬರುತ್ತಾನೆಯೆ? ಬರಲಿಲ್ಲ. ಸೋರಿಹೋಗುವ ಈ ಹುಡುಗರ ಚಿಂತೆ ಸಂಸ್ಥೆಗೆ ಮೊದಲ ದಿನಗಳಿಂದಲೇ ಹಿಡಿಯಿತು.

ಅಷ್ಟರಲ್ಲಿ ಮಹಾಯುದ್ಧ ಬಂತು. 1908ರಲ್ಲಿ ಹನ್ನೆರಡು ವರ್ಷದವರಾಗಿದ್ದವರಿಗೆ 1914ರಲ್ಲಿ ಹದಿನೆಂಟು, ಕಂದಕಕ್ಕೆ ಸರಿಯಾದ ವಯಸ್ಸು. ಹುಡುಗರನ್ನು ನೋಡಿಕೊಳ್ಳುತ್ತಿದ್ದ ಸ್ಕೌಟ್ ಮಾಸ್ತರುಗಳೂ ಅಲ್ಲಿಗೇ ಹೋದರು, ಬಹಳ ಮಂದಿ ಮರಳಲಿಲ್ಲ. ಸ್ಕೌಟ್ ಆಗಿದ್ದ ಜ್ಯಾಕ್ ಕಾರ್ನ್‌ವೆಲ್ ಎಂಬ ಹುಡುಗ 1916ರ ಜಟ್‌ಲೆಂಡ್ ಸಮುದ್ರಯುದ್ಧದಲ್ಲಿ ಸುತ್ತಲಿನವರೆಲ್ಲ ಬಿದ್ದ ಮೇಲೂ ತನ್ನ ತೋಪಿನ ಪಕ್ಕ ಕದಲದೆ ನಿಂತು, ಗಾಯಗಳಿಂದ ಸತ್ತ. ಹದಿನಾರು ವರ್ಷ. ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಹದಿನಾರರ ಹುಡುಗನಿಗೆ ಯುದ್ಧದಲ್ಲಿ ಹೊಣೆ ಇತ್ತು, ಶಾಂತಿಯಲ್ಲಿ ಏನೂ ಇರಲಿಲ್ಲ. 1917ರಲ್ಲಿ ಸೀನಿಯರ್ ಸ್ಕೌಟ್ ಎಂಬ ಯೋಜನೆ ಮಾಡಿದರು. 1918ರಲ್ಲಿ ಅದರ ಹೆಸರು ರೋವರ್ ಎಂದಾಯಿತು. ಹುಡುಗಿಯರ ಕಡೆಯಲ್ಲೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಸೀನಿಯರ್ ಗೈಡ್ ಬಂದು 1920ರಲ್ಲಿ ರೇಂಜರ್ ಆಯಿತು. ಮುಂದೆ ರಾಣಿಯಾದ ಎಲಿಜಬೆತ್ ಕೂಡ ಎರಡನೇ ಮಹಾಯುದ್ಧದ ದಿನಗಳಲ್ಲಿ ಸೀ ರೇಂಜರ್ ಆಗಿದ್ದಳು.

ರೋವರ್‌ಗೆ ಸೇರಿಸಿಕೊಳ್ಳುವ ವಿಧಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಅದರಲ್ಲಿ ರುಚಿಯಿದೆ. ಮೊದಲು ಉಮೇದುವಾರಿಯ ಕಾಲ. ಆಮೇಲೆ ಒಂದು ರಾತ್ರಿ ಹುಡುಗ ಒಬ್ಬನೇ ಕೂತು, ಕೊಟ್ಟ ಕೆಲವು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು. ನಾನು ದುಡಿಯುತ್ತಿರುವುದು ಯಾರಿಗಾಗಿ, ಮನೆಯವರ ಜೊತೆ ಹೇಗಿದ್ದೇನೆ, ಸೇವೆ ಎನ್ನುವುದು ನನಗೆ ತೋರಿಕೆಯೋ ನಿಜವೋ ಎಂಬಂಥವು. ಉತ್ತರವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಇದಕ್ಕೆ ಜಾಗರಣೆ ಎಂದು ನಮ್ಮವರು ಹೇಳುತ್ತಾರೆ. ಶಿವರಾತ್ರಿಯ ಜಾಗರಣೆ ಕಂಡವರಿಗೆ ಇದು ಹೊಸದಲ್ಲ, ನಿದ್ದೆ ತಡೆಯಲು ಇಲ್ಲಿ ಭಜನೆಯಾಗಲಿ ಸಿನಿಮಾ ಆಗಲಿ ಇಲ್ಲ, ಅಷ್ಟೇ. ಆಮೇಲೆ ದೀಕ್ಷೆ. ಹಳೆಯ ಸವಾರಯೋಧರ ಪದ್ಧತಿಯಂತೆ ತಂಬಿಗೆಯ ನೀರಿನಲ್ಲಿ ಕೈ ತೊಳೆಸಿ, ಟವೆಲು ಕೊಟ್ಟು, ಪ್ರತಿಜ್ಞೆಯನ್ನು ಮತ್ತೊಮ್ಮೆ ಹೇಳಿಸುತ್ತಾರೆ. ಭುಜಕ್ಕೆ ಮೂರು ಬಣ್ಣದ ಪಟ್ಟಿ: ಹಳದಿ ಕಬ್ ದಿನಗಳಿಗೆ, ಹಸಿರು ಸ್ಕೌಟ್ ದಿನಗಳಿಗೆ, ಕೆಂಪು ಇವತ್ತಿಗೆ. ಕೈಗೆ ಕವಲುಳ್ಳ ಒಂದು ಕೋಲು. ಚಿಕ್ಕವನಾಗಿದ್ದಾಗ ಹೇಳಿದ ಪ್ರತಿಜ್ಞೆಯನ್ನು ಬುದ್ಧಿ ಬಂದ ಮೇಲೆ ಇನ್ನೊಂದು ಸಲ, ತಿಳಿದು ಹೇಳು ಎಂಬುದೇ ಇದರ ಹುರುಳು. ಈ ಅಂಶವನ್ನು ನೆನಪಿನಲ್ಲಿಡಿ, ಭಾರತಕ್ಕೆ ಬಂದಾಗ ಇದೇ ಮುಳ್ಳಾಯಿತು.

1922ರಲ್ಲಿ ಬೇಡನ್-ಪೊವೆಲ್ ಈ ವಯಸ್ಸಿನವರಿಗೆಂದೇ ‘ರೋವರಿಂಗ್ ಟು ಸಕ್ಸೆಸ್’ ಎಂಬ ಪುಸ್ತಕ ಬರೆದ. ಬದುಕೆಂಬ ಹೊಳೆಯಲ್ಲಿ ದೋಣಿ ಒಡೆಯುವ ಐದು ಬಂಡೆಗಳನ್ನು ಅದರಲ್ಲಿ ಗುರುತಿಸುತ್ತಾನೆ. ಕುದುರೆ, ಅಂದರೆ ಜೂಜು. ಮದ್ಯ. ಹೆಣ್ಣು. ನಾಲ್ಕನೆಯದಕ್ಕೆ ಅವನಿಟ್ಟ ಹೆಸರು ಕೋಗಿಲೆಗಳು ಮತ್ತು ಡೋಂಗಿಗಳು, ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುವ ಬಾಯಿಬಡುಕ ಮುಂದಾಳುಗಳು. ಐದನೆಯದು ದೈವಭಕ್ತಿ ಇಲ್ಲದಿರುವುದು. ಹೆಣ್ಣನ್ನು ಬಂಡೆ ಎಂದದ್ದು ಆ ಕಾಲದ ಗಂಡಸಿನ ಮಾತು, ಇವತ್ತು ಯಾವ ರೇಂಜರ್ ಹುಡುಗಿಯೂ ಅದನ್ನು ಸುಮ್ಮನೆ ಕೇಳಿಸಿಕೊಳ್ಳಲಾರಳು, ಕೇಳಿಸಿಕೊಳ್ಳಲೂ ಬಾರದು. ಡೋಂಗಿಗಳ ಅಧ್ಯಾಯವನ್ನು ಮಾತ್ರ ಚುನಾವಣೆ ಬಂದಾಗಲೆಲ್ಲ ಅಚ್ಚು ಹಾಕಿ ಹಂಚಬಹುದು.

ಆ ಪುಸ್ತಕದ ತುಂಬ ಇರುವ ಚಿತ್ರ, ತನ್ನ ಕಿರುದೋಣಿಯನ್ನು ತಾನೇ ಹುಟ್ಟು ಹಾಕಿಕೊಂಡು ಹೋಗುವ ತರುಣನದು. ನನಗೆ ಅದು ಪೂರ್ತಿ ಒಪ್ಪಿಗೆಯಾದ ಚಿತ್ರವಲ್ಲ. ಹೊಗೇನಕಲ್ಲಿನಲ್ಲಿ ಹರಿಗೋಲು ನಡೆಸುವವನನ್ನು ನೀವೆಲ್ಲ ನೋಡಿದ್ದೀರಿ. ಇರುವುದು ಒಂದೇ ಹುಟ್ಟು, ಬುಟ್ಟಿಗೆ ಹಿಂದು ಮುಂದೆಂಬುದಿಲ್ಲ, ತಿರುಗುತ್ತಲೇ ಹೋಗುತ್ತದೆ, ಆದರೆ ಅವನು ಒಬ್ಬನೇ ಎಲ್ಲಿಗೋ ಹೋಗಲು ಕೂತವನಲ್ಲ, ಒಳಗಿರುವ ಆರೇಳು ಜನರನ್ನು ಆಚೆ ದಡ ಸೇರಿಸಲು ಕೂತವನು. ಸೇವೆಯನ್ನು ಧ್ಯೇಯ ಎಂದು ಬರೆದುಕೊಂಡ ವಿಭಾಗಕ್ಕೆ ಕಿರುದೋಣಿಗಿಂತ ಹರಿಗೋಲೇ ಹೊಂದುತ್ತಿತ್ತು.

ಈಗ ನಮ್ಮ ಕಡೆಗೆ. ಭಾರತದ ಮೊದಲ ಸ್ಕೌಟ್ ದಳ ಕಟ್ಟಿದ್ದು ಕನ್ನಡ ನೆಲದಲ್ಲಿ, 1909ರಲ್ಲಿ, ಬೆಂಗಳೂರು ದಂಡುಪ್ರದೇಶದಲ್ಲಿ. ಕಟ್ಟಿದವನು ಕ್ಯಾಪ್ಟನ್ ಬೇಕರ್. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ. ಕಾಡಿನಲ್ಲಿ ದಾರಿ ಹುಡುಕುವುದು, ಗುರುತಿಲ್ಲದೆ ಸಂದೇಶ ಕಳಿಸುವುದು, ಗುಂಪು ಕಟ್ಟುವುದು, ಇದನ್ನೆಲ್ಲ ಭಾರತೀಯರ ಮಕ್ಕಳಿಗೆ ಕಲಿಸಿದರೆ ಮುಂದೇನು ಎಂಬ ಅಂಜಿಕೆ ಸರ್ಕಾರಕ್ಕಿತ್ತು. ಅಂಜಿಕೆಯಲ್ಲಿ ಅರ್ಥವಿತ್ತು ಎಂದೇ ಹೇಳುತ್ತೇನೆ. ಬಾಗಿಲು ಮುಚ್ಚಿದ್ದರಿಂದ ನಮ್ಮವರು ತಮ್ಮ ತಮ್ಮ ದಳಗಳನ್ನು ತಾವೇ ಕಟ್ಟಿಕೊಂಡರು. 1913ರ ಹೊತ್ತಿಗೆ ಮಧ್ಯಪ್ರಾಂತದಲ್ಲಿ ವಿವಿಯನ್ ಬೋಸ್, ಶಹಜಹಾನ್‌ಪುರದಲ್ಲಿ ಶ್ರೀರಾಮ ಬಾಜಪೇಯಿ.

ಈ ಸೇಲಂ ಸೀಮೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಇಲ್ಲಿಗೆ ಮುಟ್ಟಿದ ಅಲೆ ಆನಿ ಬೆಸೆಂಟರದು. ಅವರೂ ಜಾರ್ಜ್ ಅರುಂಡೇಲರೂ ಸೇರಿ 1916ರಲ್ಲಿ ಮದ್ರಾಸಿನಲ್ಲಿ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ಹ್ಯಾಟಿನ ಬದಲು ರುಮಾಲು ಸುತ್ತಿಸಿದರು. ಮರುವರ್ಷ ಹೋಂ ರೂಲ್ ಚಳವಳಿಗಾಗಿ ಇಬ್ಬರನ್ನೂ ಸರ್ಕಾರ ಊಟಿಯಲ್ಲಿ ಬಂಧನದಲ್ಲಿಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಆಸರೆಯಲ್ಲಿ, ಸ್ಕೌಟಿಂಗ್ ಕ್ರಮವಾಗಿ ಶುರುವಾಯಿತು. ಸಂಸ್ಥಾನಕ್ಕೆ ಅರಮನೆಯ ನೆರಳು, ಪ್ರಾಂತಕ್ಕೆ ಜೈಲಿನ ನೆರಳು. ನಾಲ್ಕು ವರ್ಷ ಕಳೆದು 1921ರಲ್ಲಿ ಬೇಡನ್-ಪೊವೆಲ್ ಮದ್ರಾಸಿಗೆ ಬಂದು ಬೆಸೆಂಟರ ಹುಡುಗರನ್ನು ನೋಡಿ, ಮೆಚ್ಚಿ, ರುಮಾಲು ಸಮೇತ ಅವರನ್ನು ತನ್ನ ಸಂಸ್ಥೆಗೆ ಸೇರಿಸಿಕೊಂಡ. ಸರ್ಕಾರ ಬಂಧಿಸಿದ್ದ ಹೆಂಗಸನ್ನು ಭಾರತದ ಗೌರವ ಕಮಿಷನರ್ ಮಾಡಿದ. 1932ರಲ್ಲಿ ಸಂಸ್ಥೆಯ ಅತಿ ದೊಡ್ಡ ಗೌರವವಾದ ಸಿಲ್ವರ್ ವುಲ್ಫ್ ಪದಕವೂ ಅವರಿಗೆ ಬಂತು. ಬೆಂಗಳೂರಿನ ಪಕ್ಕ ದೊಡ್ಡಬಳ್ಳಾಪುರದಲ್ಲಿರುವ ಸ್ಕೌಟ್ ತರಬೇತಿ ಕೇಂದ್ರಕ್ಕೆ ಇವತ್ತಿಗೂ ಬೆಸೆಂಟರ ಹೆಸರೇ.

ಎಲ್ಲರೂ ಸೇರಲಿಲ್ಲ. ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಬಾಜಪೇಯಿ ಕಟ್ಟಿದ ಸೇವಾ ಸಮಿತಿ ಸ್ಕೌಟ್ ಸಂಸ್ಥೆ ಹೊರಗೇ ಉಳಿಯಿತು. 1918ರ ಅಲಹಾಬಾದ್ ಕುಂಭಮೇಳದಲ್ಲಿ ಅವರ ಹುಡುಗರು ತಪ್ಪಿಸಿಕೊಂಡವರನ್ನು ಹುಡುಕಿಕೊಟ್ಟರು, ಮುಳುಗುವವರನ್ನು ಎತ್ತಿದರು, ಜನಸಂದಣಿಗೆ ದಾರಿ ಮಾಡಿದರು. ನನ್ನನ್ನು ಕೇಳಿದರೆ ಭಾರತದ ರೋವರ್ ಕೆಲಸ ಶುರುವಾದದ್ದು ಅಲ್ಲಿ, ರೋವರ್ ಎಂಬ ಹೆಸರು ಇಲ್ಲಿಗೆ ಬರುವುದಕ್ಕೂ ಮುಂಚೆ. ಮೇಳ, ಜಾತ್ರೆ, ಪ್ರವಾಹ ಇಂಥ ಕಡೆ ಚಿಕ್ಕ ಹುಡುಗರು ಸಾಲುವುದಿಲ್ಲ, ತೋಳಲ್ಲಿ ಬಲ ಬಂದವರೇ ಬೇಕು.

ಆಗಲೇ ಹೇಳಿದ ಮುಳ್ಳಿಗೆ ಬರುತ್ತೇನೆ. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರಿಗೂ ದೊರೆಗೂ ಕರ್ತವ್ಯ ಸಲ್ಲಿಸುತ್ತೇನೆ ಎಂದಿತ್ತು. ಹನ್ನೆರಡು ವರ್ಷದವನಿಗೆ ಅದು ಬಾಯಿಪಾಠ, ಮಗ್ಗಿ ಹೇಳಿದಂತೆ ಹೇಳುತ್ತಾನೆ. ಹದಿನೆಂಟರವನು, ಒಂದು ರಾತ್ರಿ ಜಾಗರಣೆ ಕೂತು ಯೋಚಿಸಿದವನು, ಇಂಗ್ಲೆಂಡಿನ ದೊರೆಗೆ ನಿಷ್ಠನಾಗಿರುತ್ತೇನೆ ಎಂದು 1921ರಲ್ಲೋ 1930ರಲ್ಲೋ ಹೇಗೆ ಹೇಳಬೇಕು? ಹೊರಗೆ ಅವನದೇ ಓರಗೆಯವರು ಉಪ್ಪು ಮಾಡಿ ಜೈಲಿಗೆ ಹೋಗುತ್ತಿದ್ದಾರೆ. ವಸಾಹತು ಕಾಲದಲ್ಲಿ ಕಬ್ ಮತ್ತು ಸ್ಕೌಟ್ ದಳಗಳು ಶಾಲೆ ಶಾಲೆಗೂ ಹಬ್ಬಿದರೂ ರೋವರ್ ಮಾತ್ರ ಹಿಂದೆ ಬಿದ್ದದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಎಣಿಕೆ.

ಆ ಹುಡುಗನಿಗೆ ಕನ್ನಡನಾಡಿನಲ್ಲೇ ಇನ್ನೊಂದು ಸಮವಸ್ತ್ರ ಸಿದ್ಧವಾಗಿತ್ತು. ವಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ 1889ರಲ್ಲಿ ಹುಟ್ಟಿದ ಡಾ. ನಾ. ಸು. ಹರ್ಡೀಕರ್ ಅಮೆರಿಕದಲ್ಲಿ ಓದುವಾಗ ಲಾಲಾ ಲಜಪತರಾಯರ ಜೊತೆ ದುಡಿದು ಬಂದವರು. ಹುಬ್ಬಳ್ಳಿಯ ತರುಣರನ್ನು ಕಟ್ಟಿಕೊಂಡು 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋದರು, ಸೆರೆಯಾದರು. ಕ್ಷಮೆ ಬರೆದುಕೊಟ್ಟು ಹೊರಬರಲು ಅವರ ತಂಡ ಒಪ್ಪಲಿಲ್ಲ. ಆ ಹೆಸರು ದೇಶಕ್ಕೆಲ್ಲ ಕೇಳಿಸಿ, ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಕಾರ್ಯಕೇಂದ್ರ ಹುಬ್ಬಳ್ಳಿ. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಕಾವಲು, ನೀರು, ಚೊಕ್ಕಟತನ ಎಲ್ಲವನ್ನೂ ಸ್ವಯಂಸೇವಕರು ನೋಡಿಕೊಂಡರು. ಕವಾಯತು, ಶಿಬಿರ, ಶಿಸ್ತು ಎಲ್ಲ ಸ್ಕೌಟಿನಂತೆಯೇ. ಬಟ್ಟೆ ಖಾದಿ, ಪ್ರತಿಜ್ಞೆಯಲ್ಲಿ ದೊರೆ ಇಲ್ಲ. 1932ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಸ್ಕೌಟ್ ಚರಿತ್ರೆ ಬರೆಯುವವರು ಸೇವಾದಳವನ್ನು ಬಿಡುತ್ತಾರೆ, ಸೇವಾದಳದ ಚರಿತ್ರೆ ಬರೆಯುವವರು ಸ್ಕೌಟನ್ನು ಬಿಡುತ್ತಾರೆ. ಎರಡೂ ಕಾಯುತ್ತಿದ್ದದ್ದು ಒಬ್ಬನೇ ಹುಡುಗನಿಗೆ.

1937ರಲ್ಲಿ ದೆಹಲಿಯ ಜಾಂಬೂರಿಗೆ, ಅಂದರೆ ಸ್ಕೌಟುಗಳ ಮಹಾಮೇಳಕ್ಕೆ, ಬಂದುಹೋದ ಮುದುಕ ಬೇಡನ್-ಪೊವೆಲ್ ಭಾರತೀಯರ ಸ್ವಭಾವದ ಬಗ್ಗೆ ಹಗುರವಾಗಿ ಮಾತಾಡಿದ. ಸಿಟ್ಟೆದ್ದಿತು. ಮರುವರ್ಷ ಹಿಂದುಸ್ತಾನ್ ಸ್ಕೌಟ್ ಅಸೋಸಿಯೇಷನ್ ಬೇರೆಯಾಗಿ ನಿಂತಿತು. ಸ್ವಾತಂತ್ರ್ಯದ ಬಳಿಕ ಮಾತುಕತೆಗಳಾಗಿ 1950ರ ನವೆಂಬರ್ 7ರಂದು ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. 1951ರ ಆಗಸ್ಟ್ 15ರಂದು ಗೈಡ್‌ಗಳೂ ಕೂಡಿಕೊಂಡರು. ಪ್ರತಿಜ್ಞೆಯಲ್ಲಿ ದೊರೆಯ ಜಾಗಕ್ಕೆ ದೇಶ ಬಂತು.

ಮುಳ್ಳು ಹೋಯಿತು, ಇನ್ನು ರೋವರ್ ಬೆಳೆಯಬೇಕಿತ್ತು. ಕರ್ನಾಟಕದಲ್ಲಿ ಕೊಂಡಜ್ಜಿ ಬಸಪ್ಪನವರಂಥ ಮುಂದಾಳು ಸಿಕ್ಕಿದರು. ಹರಿಹರದ ಹತ್ತಿರ ಅವರೂರಿನ ಕೆರೆಯ ದಡದ ಶಿಬಿರ ಕೇಂದ್ರಕ್ಕೆ ಇವತ್ತಿಗೂ ಮಕ್ಕಳು ಹೋಗುತ್ತಾರೆ. ಬೆಂಗಳೂರಿನ ಅರಮನೆ ರಸ್ತೆಯ ಸ್ಕೌಟ್ ಕಚೇರಿಯ ಸಭಾಂಗಣಕ್ಕೆ ಅವರ ಹೆಸರಿದೆ. ಆದರೂ ಹದಿನಾರು ದಾಟಿದವರ ಮಟ್ಟಿಗೆ ಸರ್ಕಾರವೇ ಎದುರಾಳಿಯಾಯಿತು. 1948ರಲ್ಲಿ ಎನ್‌ಸಿಸಿ ಬಂತು. ಬಂದೂಕು, ಬೂಟು, ಭತ್ಯೆ, ಸೇನೆಯ ಕಡೆಗೊಂದು ಬಾಗಿಲು. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ, ಎನ್‌ಎಸ್‌ಎಸ್ ಬಂತು. ಅದನ್ನು ಶುರುಮಾಡಿದ ಕೇಂದ್ರ ಶಿಕ್ಷಣ ಮಂತ್ರಿ ಡಾ. ವಿ. ಕೆ. ಆರ್. ವಿ. ರಾವ್, ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋದವರು. ಮೊದಲ ವರ್ಷವೇ 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆ ಸೇವೆ, ಏಳು ದಿನದ ಹಳ್ಳಿ ಶಿಬಿರ. ರೋವರ್‌ನ ಒಂದೇ ಮಾತಿನ ಧ್ಯೇಯವನ್ನು ಸರ್ಕಾರ ತನ್ನ ಖರ್ಚಿನಲ್ಲಿ ನಡೆಸತೊಡಗಿದ ಮೇಲೆ, ಕಾಲೇಜಿನಲ್ಲಿ ರೋವರ್‌ಗೆ ಉಳಿದ ಜಾಗ ಯಾವುದು?

ಆ ಪ್ರಶ್ನೆಗೆ ಸಂಸ್ಥೆ ಕಂಡುಕೊಂಡ ಉತ್ತರ ಪ್ರಮಾಣಪತ್ರ. ಪ್ರವೇಶ, ಪ್ರವೀಣ, ನಿಪುಣ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಕರ್ನಾಟಕದ ಸಿಇಟಿಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇದೆ. ರೈಲ್ವೆ ನೇಮಕಾತಿಯಲ್ಲೂ ಇದೆ, ರಾಷ್ಟ್ರಪತಿ ಪುರಸ್ಕಾರ ಪಡೆದು ಕೆಲವು ವರ್ಷಗಳಿಂದ ದಳದಲ್ಲಿ ಸಕ್ರಿಯರಾಗಿರುವವರಿಗೆ. ಬಡ ಮನೆಯ ಹುಡುಗನಿಗೆ ಅದರಿಂದ ನೌಕರಿ ಸಿಕ್ಕರೆ ಸಂತೋಷವೇ, ಮೂದಲಿಸುವ ಮಾತಲ್ಲ. ಆದರೆ ನಾನು ಕಾಲೇಜೊಂದರಲ್ಲಿ ರೋವರ್ ಲೀಡರ್ ಆಗಿದ್ದಾಗ ನೋಡಿದ ಲಾಗ್ ಪುಸ್ತಕಗಳನ್ನು ಮರೆಯಲಾರೆ. ಎರಡು ವರ್ಷದ ಸೇವೆಯ ವಿವರವೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರೆಯ ಅಕ್ಷರದಲ್ಲಿ, ಒಂದೇ ರಾತ್ರಿಯ ಆಯಾಸ ಕಾಣುವಂತೆ ತುಂಬಿರುತ್ತಿತ್ತು. ಮೊದಲ ಪುಟದಲ್ಲಿ ಅಂದವಾಗಿದ್ದ ಅಕ್ಷರ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ತೂಕಡಿಸುತ್ತಿತ್ತು. ಜಾಗರಣೆ ಎಂದರೆ ಇದೇ ಇರಬೇಕು ಎಂದು ನಗುತ್ತಿದ್ದೆವು. ಮೇಲಿನವರಿಗೂ ಬೇಕಾದದ್ದು ವರದಿ, ಆದ್ದರಿಂದ ಯಾರಿಗೂ ನೋವಾಗುತ್ತಿರಲಿಲ್ಲ.

ಹೀಗೆ ಒದ್ದಾಡಿದ್ದು ನಾವಷ್ಟೇ ಅಲ್ಲ. ಇಂಗ್ಲೆಂಡಿನವರು 1946ರಲ್ಲಿ ಸ್ಕೌಟ್‌ಗೂ ರೋವರ್‌ಗೂ ನಡುವೆ ಮತ್ತೆ ಸೀನಿಯರ್ ಸ್ಕೌಟ್ ಎಂಬ ಮೆಟ್ಟಿಲು ಕಟ್ಟಿದರು. 1966ರಲ್ಲಿ ಒಂದು ಸಮಿತಿ ಕೂತು ರೋವರ್‌ನನ್ನೇ ತೆಗೆಯಿರಿ ಎಂದಿತು. ಮರುವರ್ಷ ಎರಡನ್ನೂ ಕಿತ್ತು ಹದಿನಾರರಿಂದ ಇಪ್ಪತ್ತರ ತನಕ ವೆಂಚರ್ ಸ್ಕೌಟ್ ಎಂದು ಮಾಡಿದರು. ಒಪ್ಪದ ಹಳಬರು 1970ರಲ್ಲಿ ಬೇರೆ ಸಂಸ್ಥೆಯನ್ನೇ ಕಟ್ಟಿದರು. 1976ರಿಂದ ವೆಂಚರ್ ದಳಗಳಿಗೆ ಹುಡುಗಿಯರನ್ನೂ ಸೇರಿಸಿಕೊಂಡರು. ಹೊಸ ಶತಮಾನ ಹುಟ್ಟುತ್ತಲೇ ವೆಂಚರ್ ಕೂಡ ಹೋಗಿ, ಹದಿನಾಲ್ಕರಿಂದ ಹದಿನೆಂಟಕ್ಕೆ ಎಕ್ಸ್‌ಪ್ಲೋರರ್ ಬಂತು. 1931ರಲ್ಲಿ ಸ್ವಿಟ್ಜರ್‌ಲೆಂಡಿನ ಕಾಂಡರ್‌ಸ್ಟೆಗ್‌ನಲ್ಲಿ ಶುರುವಾದ ರೋವರ್‌ಗಳ ವಿಶ್ವಕೂಟ 1961-62ರ ಮೆಲ್ಬರ್ನ್ ಕೂಟದ ಬಳಿಕ ಮೂವತ್ತು ವರ್ಷದಷ್ಟು ಕಾಲ ನಿಂತೇಹೋಗಿತ್ತು. ಆಸ್ಟ್ರೇಲಿಯದಲ್ಲಿ ರೋವರ್ ಇಂದಿಗೂ ಜೀವಂತ. ಹೆಸರು ಬದಲಾಯಿಸಿದರು, ವಯಸ್ಸಿನ ಗೆರೆಯನ್ನು ಮೇಲೆ ಕೆಳಗೆ ಎಳೆದರು, ಬಟ್ಟೆ ಬದಲಾಯಿಸಿದರು. ಹುಡುಗ ಮಾತ್ರ ಕೇಳುತ್ತಿದ್ದದ್ದು ಬೇರೆ: ನನಗೆ ಏನು ಕೆಲಸ ವಹಿಸುತ್ತೀರಿ?

ಕೆಲಸ ವಹಿಸಿದ ಕಡೆ ಏನಾಯಿತು ಎಂಬುದಕ್ಕೆ ಎದೆ ನಡುಗಿಸುವ ನಿದರ್ಶನ ಪೋಲೆಂಡಿನದು. ನಾಜಿಗಳು ಬಂದಾಗ ಅಲ್ಲಿನ ಸ್ಕೌಟುಗಳು ‘ಬೂದು ದಳ’ ಎಂಬ ಹೆಸರಿನಲ್ಲಿ ಭೂಗತರಾದರು. ಹನ್ನೆರಡರಿಂದ ಹದಿನಾಲ್ಕರವರನ್ನು ಕಾಳಗದಿಂದ ದೂರವಿಟ್ಟು, 1944ರ ವಾರ್ಸಾ ದಂಗೆಯಲ್ಲಿ ಟಪಾಲು ಹೊರುವ ಕೆಲಸ ಕೊಟ್ಟರು. ಹದಿನೈದರಿಂದ ಹದಿನೇಳರವರು ಗೋಡೆಬರಹ, ಬೇಹು. ಅದಕ್ಕೂ ಮೇಲ್ಪಟ್ಟವರು ಆಯುಧ ಹಿಡಿದರು. 1943ರ ಮಾರ್ಚ್ 26ರಂದು ಗೆಸ್ಟಾಪೊ ಕೈದಿವಾಹನವನ್ನು ವಾರ್ಸಾದ ಬೀದಿಯಲ್ಲಿ ಅಡ್ಡಗಟ್ಟಿ ತಮ್ಮ ಗೆಳೆಯನನ್ನು ಬಿಡಿಸಿಕೊಂಡವರು ಇವರೇ. ಅಂಥ ಕಾಲ ಯಾರ ಮಕ್ಕಳಿಗೂ ಬೇಡ. ಆದರೆ ವಯಸ್ಸಿಗೆ ತಕ್ಕ ಹೊಣೆ ಎಂಬುದನ್ನು ಅವರಷ್ಟು ಎಚ್ಚರದಿಂದ ಅಳೆದು ಹಂಚಿದವರು ಕಡಿಮೆ.

ನಮ್ಮ ಶಾಂತಿಯ ದಿನಗಳಲ್ಲೂ ಅಂಥ ಅಳತೆ ಸಾಧ್ಯ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ನಡೆದ ಸಾಂಸ್ಕೃತಿಕ ಜಾಂಬೂರಿಗೆ ಸುಮಾರು 50,000 ಮಕ್ಕಳು ಸೇರಿದ್ದರು. ಅಷ್ಟು ಮಕ್ಕಳ ಊಟದ ಸಾಲು, ಶೌಚಾಲಯದ ಸಾಲು, ಜ್ವರ ಬಂದವನನ್ನು ಕರೆದೊಯ್ಯುವುದು, ಇದೆಲ್ಲ ಭಾಷಣದಿಂದ ನಡೆಯುವುದಿಲ್ಲ. ಅಂಥ ಜಾಗದಲ್ಲಿ ರೋವರ್ ರೇಂಜರ್‌ಗಳು ಬೇಕೇ ಬೇಕಾಗುತ್ತಾರೆ, ಬೇಕಾದಾಗ ಲಾಗ್ ಪುಸ್ತಕ ತಾನಾಗಿ ತುಂಬುತ್ತದೆ.

ಎಡಪ್ಪಾಡಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ತೈಪೂಸದ ಹೊತ್ತಿಗೆ ಇಲ್ಲಿಂದ ಪಳನಿಗೆ ನಡೆದುಹೋಗುವ ಪರ್ವತರಾಜಕುಲದವರ ಕಾವಡಿಯ ಮಾತು ತಮಿಳುನಾಡಿಗೆಲ್ಲ ಗೊತ್ತು. ಬೇರೆ ಯಾರಿಗೂ ಇಲ್ಲದ ಹಕ್ಕೊಂದು ಅವರಿಗಿದೆ, ಬೆಟ್ಟದ ಮೇಲೆ ರಾತ್ರಿ ತಂಗುವುದು. ಟನ್ನುಗಟ್ಟಲೆ ಪಂಚಾಮೃತ ಅಲ್ಲಿಯೇ ತಯಾರಾಗುತ್ತದೆ. ಅಷ್ಟು ಬಾಳೆಹಣ್ಣು, ಬೆಲ್ಲ ಹೊರಲು, ಕಲೆಸಲು, ಹಂಚಲು ಎಳೆಯ ತೋಳುಗಳಿಲ್ಲದೆ ಆಗುತ್ತದೆಯೆ? ದೇವಾಂಗರ ಬೀದಿಗಳಲ್ಲಿ ಚೌಡೇಶ್ವರಿಯ ಹಬ್ಬ ಬಂದಾಗ ಕತ್ತಿ ಹಿಡಿದು ಮುಂದೆ ನಡೆಯುವ ವೀರಕುಮಾರರೂ ಇದೇ ವಯಸ್ಸಿನವರು. ಆಡಿ ಹದಿನೆಂಟರಂದು ಪೂಲಾಂಪಟ್ಟಿಯ ಕಾವೇರಿ ದಡದಲ್ಲಿ ಸೇರುವ ಜನ, ಅಲ್ಲಿ ನೀರಿಗಿಳಿಯುವ ಮಕ್ಕಳು, ಅವರ ಕಡೆ ಒಂದು ಕಣ್ಣಿಟ್ಟು ಹಗ್ಗ ಹಿಡಿದು ನಿಲ್ಲಬಲ್ಲವರು ಯಾರು? ಪವರ್‌ಲೂಮ್ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡಿ ಬಂದ ಹುಡುಗ. ಕಂಡಿಕೆ ಸುತ್ತುವ ಹುಡುಗಿಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇವರು ಯಾವ ಕಾಲೇಜಿನ ಹಾಜರಿಯಲ್ಲೂ ಇಲ್ಲ, ಆದ್ದರಿಂದ ಎನ್‌ಸಿಸಿಗೂ ಇಲ್ಲ, ಎನ್‌ಎಸ್‌ಎಸ್‌ಗೂ ಇಲ್ಲ.

ರೋವರ್‌ಗೆ ಮಾತ್ರ ಅವರನ್ನು ಸೇರಿಸಿಕೊಳ್ಳಲು ಅಡ್ಡಿ ಇಲ್ಲ. ದಳ ಕಾಲೇಜಿನಲ್ಲೇ ಇರಬೇಕೆಂಬ ನಿಯಮ ಸಂಸ್ಥೆಯಲ್ಲಿಲ್ಲ. ಶಾಲೆ ಕಾಲೇಜಿನ ಹಂಗಿಲ್ಲದ ಓಪನ್ ಗ್ರೂಪ್ ಎಂಬ ವ್ಯವಸ್ಥೆ ಇದೆ. ರೈಲ್ವೆ ಕಾಲೊನಿಗಳಲ್ಲಿ ಅಂಥ ದಳಗಳನ್ನು ನೋಡಬಹುದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಒಂದೊಂದು ರೈಲ್ವೆ ವಲಯವನ್ನೂ ಒಂದೊಂದು ರಾಜ್ಯವೆಂದೇ ಎಣಿಸುತ್ತದೆ, ಸೇಲಂ ಕೂಡ 2007ರಿಂದ ಒಂದು ರೈಲ್ವೆ ವಿಭಾಗ. ಹುಡುಗರನ್ನು ಕೂಡಿಸುವುದು ಕಷ್ಟವಲ್ಲ. ಕಷ್ಟ ಇರುವುದು ಲೀಡರ್ ಸಿಗುವುದರಲ್ಲಿ. ಲೀಡರ್ ಆಗುವವರು ಮೊದಲು ಒಂದು ವಾರದ ಬೇಸಿಕ್ ತರಬೇತಿಗೆ ಹೋಗಬೇಕು. ಅದು ಇಲ್ಲಿ ತಮಿಳಿನಲ್ಲಿರುತ್ತದೆ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಿಮಗೆ ಅದು ತೊಡಕಲ್ಲ. ತೊಡಕು ಬೇರೆ. ಒಂದು ವಾರ ಮಗ್ಗ ನಿಲ್ಲಿಸಿದರೆ ಆ ವಾರದ ಕೂಲಿ ಹೋಗುತ್ತದೆ. ಮೇಷ್ಟರಿಗೆ ಇಂಥದ್ದಕ್ಕೆ ಆನ್ ಡ್ಯೂಟಿ ರಜೆ ಸಿಗುತ್ತದೆ, ನೇಕಾರನಿಗೆ ಯಾರು ಕೊಡುತ್ತಾರೆ? ಈ ದೇಶದಲ್ಲಿ ಸ್ಕೌಟ್ ಲೀಡರ್‌ಗಳು ಬಹುಪಾಲು ಮೇಷ್ಟರುಗಳೇ ಆಗಿರುವುದಕ್ಕೂ, ದಳಗಳು ಬಹುಪಾಲು ಶಾಲೆ ಕಾಲೇಜುಗಳಲ್ಲೇ ಇರುವುದಕ್ಕೂ ಇದೇ ಕಾರಣ.

ಆದ್ದರಿಂದ ದತ್ತಿ ಇಟ್ಟ ಮನೆಯವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷದ ಬಡ್ಡಿಯಲ್ಲಿ ಭಾಷಣ ಬೇಡ. ಮಗ್ಗದ ಮೇಲೆ ಕೂರುವ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರನ್ನು ಆರಿಸಿ ಆ ತರಬೇತಿಗೆ ಕಳಿಸಿ, ಅವರ ವಾರದ ಕೂಲಿಯನ್ನು ಬಡ್ಡಿಯಿಂದ ಕಟ್ಟಿಕೊಡಿ. ಇವತ್ತಿನ ನನ್ನ ಗೌರವಧನವನ್ನೂ ಅದಕ್ಕೇ ಸೇರಿಸಿಕೊಳ್ಳಿ. ದತ್ತಿ ಪತ್ರದ ಷರತ್ತಿಗೆ ಇದು ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಸಮಿತಿಯವರು ನೋಡಲಿ. ಬಾಗಿಲ ಬಳಿ ನಿಂತಿರುವವರು ಈಗ ಒಳಗೆ ಬಂದು ಕೂತರೆ, ಏನೇ ಪ್ರಶ್ನೆ ಇದ್ದರೂ ಮೊದಲು ಅವರದನ್ನೇ ತೆಗೆದುಕೊಳ್ಳುತ್ತೇನೆ.